ಹಾಬಾ, ಸ್ಟೌವಾ, ಇಂಡಕ್ಷನ್ನಾ? ಮೊದಲು ನಿಮ್ಮ ಕಾವಲಿ ಅಳೆಯಿರಿ

ಹಾಬ್, ಅಂದರೆ ಕಟ್ಟೆಯೊಳಗೆ ಕೂರಿಸುವ ಒಲೆ, ನೋಡಲು ಅಂಗಡಿಗೆ ಹೊರಡುವ ಮೊದಲು ಒಂದು ಹಳೇ ನ್ಯೂಸ್‌ಪೇಪರ್ ತೆಗೆದುಕೊಳ್ಳಿ. ಅದರ ಮೇಲೆ ನಿಮ್ಮ ದೋಸೆ ಕಾವಲಿಯನ್ನು ಬೋರಲು ಹಾಕಿ, ಸುತ್ತ ಪೆನ್ನಲ್ಲಿ ಗೆರೆ ಎಳೆದು, ಕತ್ತರಿಸಿ. ದಿನಾ ಬಳಸುವ ಕುಕ್ಕರ್‌ಗೂ ಹಾಗೇ ಒಂದು. ಎರಡನ್ನೂ ಮಡಚಿ ಜೇಬಿನಲ್ಲಿಟ್ಟುಕೊಂಡು ಹೋಗಿ, ಶೋರೂಮಿನಲ್ಲಿ ಹಾಬ್ ಮೇಲೆ ಬಿಡಿಸಿ ಇಟ್ಟು ನೋಡಿ. ಅಲ್ಲಿಯ ಹುಡುಗ ನಗಬಹುದು. ನಗಲಿ ಬಿಡಿ.

ನಮಗೆ ಈ ಬುದ್ಧಿ ಬಂದದ್ದು ದುಡ್ಡು ಕೊಟ್ಟ ಮೇಲೆ. ಮೈಸೂರಿನ ಮನೆಯ ಅಡುಗೆಮನೆ ಹೊಸದಾಗಿ ಮಾಡಿಸುವಾಗ 60 ಸೆಂ.ಮೀ. ಅಗಲದ, ನಾಲ್ಕು ಬರ್ನರ್‌ನ, ಕರಿ ಗಾಜಿನ ಹಾಬ್ ತಂದೆವು. ಮೊದಲ ಭಾನುವಾರ ದೋಸೆ. ಕಾವಲಿ 30 ಸೆಂ.ಮೀ. ಪಕ್ಕದಲ್ಲಿ ಬೇಳೆ ಇಟ್ಟ ಐದು ಲೀಟರ್ ಕುಕ್ಕರ್ 24. ಅರ್ಧ ಕಾವಲಿ 15, ಅರ್ಧ ಕುಕ್ಕರ್ 12. ಅಂದರೆ ಒಂದು ಬರ್ನರ್‌ನ ನಡುವಿನಿಂದ ಇನ್ನೊಂದರ ನಡುವಿಗೆ ಕಡಿಮೆ ಅಂದರೂ 27 ಸೆಂ.ಮೀ. ಬೇಕು. ನಮ್ಮದರಲ್ಲಿ ಇದ್ದದ್ದು 25. ಎರಡು ಸೆಂ.ಮೀ.ಗೋಸ್ಕರ ಕುಕ್ಕರ್ ಓರೆಯಾಗಿ ಕೂತು ಸೀಟಿ ಹಾಕಿತು. ಹಿಂದಿನ ಎರಡು ಬರ್ನರ್‌ಗೆ ಹೋಗಬೇಕೆಂದರೆ ಮುಂದಿನ ಕಾವಲಿಯ ಮೇಲೆ ಕೈ ಚಾಚಬೇಕು. ಒಂದು ತಿಂಗಳಲ್ಲಿ ಹಿಂದಿನವು ಎಣ್ಣೆ ಡಬ್ಬಿ ಇಡುವ ಜಾಗವಾದವು.

ಹಾಗಾಗಿ ಈ ಬರಹದಲ್ಲಿ ಯಾವ ಕಂಪನಿ ಒಳ್ಳೆಯದು ಅಂತ ಹೇಳುವುದಿಲ್ಲ. ನಿಮ್ಮ ಪಾತ್ರೆ, ನಿಮ್ಮ ಕಟ್ಟೆ, ನಿಮ್ಮ ಕರೆಂಟು, ಈ ಮೂರನ್ನು ನೋಡಿದರೆ ಯಾವ ಜಾತಿಯ ಒಲೆ ಬೇಕು ಅನ್ನುವುದು ಮುಕ್ಕಾಲು ತೀರ್ಮಾನ ಆಗಿಬಿಡುತ್ತದೆ.

ಗ್ಯಾಸಿನಲ್ಲೇ ಮೂರು ಜಾತಿ

ಅಂಗಡಿಯವರು ಎಲ್ಲದಕ್ಕೂ ಹಾಬ್ ಅಂತಲೇ ಹೇಳುತ್ತಾರೆ. ಕಟ್ಟೆಯ ಮೇಲೆ ಕಾಲೂರಿ ನಿಲ್ಲುವುದು ನಮ್ಮ ಹಳೇ ಗ್ಯಾಸ್ ಸ್ಟೌವ್. ಗ್ರಾನೈಟ್ ಕತ್ತರಿಸಿ ಒಳಗೆ ಇಳಿಸುವುದು ಬಿಲ್ಟ್-ಇನ್ ಹಾಬ್. ಇವೆರಡರ ನಡುವೆ ಹಾಬ್‌ಟಾಪ್ ಅಂತ ಒಂದಿದೆ. ಅದಕ್ಕೆ ಕಾಲೂ ಇರುತ್ತದೆ, ಬೇಕಾದರೆ ಕಾಲು ಬಿಚ್ಚಿ ಕಟ್ಟೆಯೊಳಗೆ ಕೂರಿಸಲೂಬಹುದು.

ಬಿಲ್ಟ್-ಇನ್ ನೋಡಲು ಚೆಂದ, ಒರೆಸಲು ಸುಲಭ. ಅದರ ನಿಜವಾದ ಲಾಭ ಬೇರೆ ಇದೆ, ಅದನ್ನು ಯಾರೂ ಹೇಳುವುದಿಲ್ಲ. ಅದು ಎತ್ತರದ ಲಾಭ. ನಮ್ಮಲ್ಲಿ ಕಟ್ಟೆ ಸಾಮಾನ್ಯವಾಗಿ 32-33 ಇಂಚು. ಅದರ ಮೇಲೆ ಸ್ಟೌವ್ ಇಟ್ಟರೆ ಇನ್ನೊಂದು ನಾಲ್ಕೈದು ಇಂಚು. ಅದರ ಮೇಲೆ ಆಳದ ಪಾತ್ರೆ. ನಮ್ಮ ಅಮ್ಮನ ಎತ್ತರ ಐದಡಿಗೂ ಒಂದಿಂಚು ಕಡಿಮೆ. ಸಾರಿನ ಪಾತ್ರೆಯೊಳಗೆ ಏನಾಗುತ್ತಿದೆ ಅಂತ ನೋಡಲು ಹಿಮ್ಮಡಿ ಎತ್ತಬೇಕಿತ್ತು. ಹಾಬ್ ಬಂದ ಮೇಲೆ ಅದೊಂದು ತಪ್ಪಿತು. ಮನೆಯಲ್ಲಿ ಅಡುಗೆ ಮಾಡುವವರು ಕುಳ್ಳಗಿದ್ದು, ಕಟ್ಟೆ ಎತ್ತರವಿದ್ದರೆ ಹಾಬ್ ಬಗ್ಗೆ ಯೋಚಿಸಿ. ಹೊಸ ಮನೆ ಕಟ್ಟಿಸುತ್ತಿದ್ದರೆ ಸ್ಟೌವ್ ಇಡುವ ಭಾಗದ ಕಟ್ಟೆಯನ್ನೇ ನಾಲ್ಕಿಂಚು ತಗ್ಗಿಸಿ ಕಟ್ಟಿಸಿ. ಆಗ ಮೂರು ಸಾವಿರದ ಸ್ಟೌವೇ ಸಾಕು.

ಇನ್ನು ಬಿಲ್ಟ್-ಇನ್ ಹಾಬಿನ ತಾಪತ್ರಯ. ಒಂದು, ಗ್ರಾನೈಟ್‌ಗೆ ಕೊರೆದ ತೂತಿನ ಅಳತೆ ಕಂಪನಿಯಿಂದ ಕಂಪನಿಗೆ ಬೇರೆ. ಒಮ್ಮೆ ಕತ್ತರಿಸಿದಿರೋ, ಮುಂದೆ ತರುವ ಹಾಬೂ ಆ ತೂತಿಗೇ ಕೂರಬೇಕು. ದೊಡ್ಡ ತೂತು ಬೇಕಾದರೆ ಮತ್ತೆ ಕತ್ತರಿಸಬಹುದು, ಧೂಳು ಕುಡಿಯುತ್ತಾ. ಚಿಕ್ಕದು ಬೇಕಾದರೆ ಆಗುವುದಿಲ್ಲ. ಬಾಡಿಗೆ ಮನೆಯವರಿಗಂತೂ ಈ ಮಾತೇ ಬೇಡ.

ಎರಡನೆಯದು ಗಾಜು. ನಮ್ಮ ಹಾಬಿನ ಗಾಜು ಮೂರನೇ ವರ್ಷ ಒಂದು ರಾತ್ರಿ ಒಡೆಯಿತು. ಊಟ ಮುಗಿದು, ಒಲೆ ಆರಿಸಿ ಅರ್ಧ ಗಂಟೆಯಾಗಿತ್ತು. ಪಟಾಕಿ ಹೊಡೆದ ಹಾಗೆ ಸದ್ದು. ಹೋಗಿ ನೋಡಿದರೆ ಇಡೀ ಗಾಜು ಕಲ್ಲುಸಕ್ಕರೆಯ ಹಾಗೆ ಪುಡಿಪುಡಿ. ಕಂಪನಿಯವರು ಗಾಜಿಗೆ ವಾರಂಟಿ ಇಲ್ಲ ಅಂದರು. ಆ ಮಾಡೆಲ್ ನಿಂತುಹೋಗಿತ್ತು, ಬೇರೆ ಗಾಜೂ ಸಿಗಲಿಲ್ಲ. ಗಾಜಿಗೆ ವಾರಂಟಿ ಇಲ್ಲ ಅಂತ ವಾರಂಟಿ ಕಾರ್ಡಿನ ಹಿಂದೆ ಚಿಕ್ಕ ಅಕ್ಷರದಲ್ಲಿ ಬರೆದೇ ಇತ್ತು. ತಪ್ಪು ನಮ್ಮದೂ ಇದೆ.

ಟಫನ್ಡ್ ಗಾಜು ಹೀಗೇಕೆ ಮಾಡುತ್ತದೆ ಅಂದರೆ, ಅದನ್ನು ತಯಾರಿಸುವಾಗ ಕಾಯಿಸಿ ಹೊರಮೈಯನ್ನು ಬೇಗ ತಣ್ಣಗೆ ಮಾಡುತ್ತಾರೆ. ಹೊರಗಿನ ಪದರ ಒತ್ತಿಕೊಂಡಿರುತ್ತದೆ, ಒಳಗಿನದು ಎಳೆದುಕೊಂಡಿರುತ್ತದೆ. ಈ ಜಗ್ಗಾಟವೇ ಅದರ ಬಲ. ಆದರೆ ಅಂಚಿನಲ್ಲಿ ಒಂದು ಸಣ್ಣ ಚಕ್ಕೆ ಹಾರಿದರೂ ಆ ಲೆಕ್ಕ ತಪ್ಪಿ ಒಂದು ದಿನ ಎಲ್ಲ ಒಟ್ಟಿಗೆ ಬಿಟ್ಟುಕೊಡುತ್ತದೆ. ಬಿಸಿಯೂ ಒಂದು ಕಾರಣ. ಅಗಲವಾದ ಕಾವಲಿಯನ್ನು ಗಂಟೆಗಟ್ಟಲೆ ಇಟ್ಟರೆ ಉರಿಯ ಕಾವು ಮೇಲೆ ಹೋಗಲಾಗದೆ ಗಾಜಿನ ಕಡೆಗೇ ತಿರುಗುತ್ತದೆ. ಬಿಸಿ ಗಾಜಿಗೆ ತಣ್ಣೀರ ಬಟ್ಟೆ ಹಾಕಿ ಒರೆಸುವ ಅಭ್ಯಾಸವೂ ಒಳ್ಳೆಯದಲ್ಲ. ಗಾಜೇ ಬೇಕೆಂದರೆ 8 ಮಿ.ಮೀ. ದಪ್ಪದ್ದು ಕೇಳಿ, ಗಾಜಿನ ವಾರಂಟಿ ಬಿಲ್ಲಿನಲ್ಲಿ ಬರೆಸಿಕೊಳ್ಳಿ. ನನ್ನನ್ನು ಕೇಳಿದರೆ ಸ್ಟೀಲ್ ಮೇಲ್ಮೈಯೇ ಸರಿ. ಗೀರು ಬೀಳುತ್ತದೆ, ಹೊಳಪು ಹೋಗುತ್ತದೆ, ಆದರೆ ರಾತ್ರಿ ಹತ್ತು ಗಂಟೆಗೆ ಸಿಡಿಯುವುದಿಲ್ಲ.

ಬರ್ನರ್ ಎಷ್ಟು, ಎಂಥದ್ದು

ನಾಲ್ವರ ಮನೆಗೆ ನಾಲ್ಕು ಬರ್ನರ್ ಬೇಕು ಅನ್ನುವುದು ಸುಮ್ನೆ ಮಾತು. ಮೂರು ಸಾಕು, ಅವು ದೂರದೂರ ಇರಬೇಕು ಅಷ್ಟೇ. 75 ಸೆಂ.ಮೀ. ಮೇಲ್ಪಟ್ಟ ಅಗಲದಲ್ಲಿ ಮೂರು ಬರ್ನರ್ ಇರುವುದು, 60 ಸೆಂ.ಮೀ.ನಲ್ಲಿ ನಾಲ್ಕು ತುರುಕಿದ್ದಕ್ಕಿಂತ ಎಷ್ಟೋ ಮೇಲು.

ಬರ್ನರ್‌ನ ಬಲವನ್ನು ಕಿಲೋವ್ಯಾಟ್‌ನಲ್ಲಿ ಹೇಳುತ್ತಾರೆ. ಚಿಕ್ಕದು ಸುಮಾರು 1, ನಡುವಿನದು 1.75ರ ಆಸುಪಾಸು, ದೊಡ್ಡದು 3 ಅಥವಾ ಅದಕ್ಕೂ ಜಾಸ್ತಿ. ಎಲ್‌ಪಿಜಿ ಒಂದು ಕಿಲೋದಲ್ಲಿ ಹೆಚ್ಚುಕಮ್ಮಿ 12.7 ಯೂನಿಟ್‌ನಷ್ಟು ಶಾಖ ಇರುತ್ತದೆ (ಒಂದು ಕಿಲೋವ್ಯಾಟ್ ಒಂದು ಗಂಟೆ ನಡೆದರೆ ಒಂದು ಯೂನಿಟ್). ಆ ಲೆಕ್ಕದಲ್ಲಿ 3 ಕಿಲೋವ್ಯಾಟ್ ಬರ್ನರನ್ನು ಪೂರ್ತಿ ಉರಿಯಲ್ಲೇ ಬಿಟ್ಟರೆ 14.2 ಕಿಲೋ ಸಿಲಿಂಡರ್ 60 ಗಂಟೆಯಲ್ಲಿ ಖಾಲಿ. ಜೋಳದ ರೊಟ್ಟಿ ಬಡಿಯುವ ಮನೆಗೆ ಈ ದೊಡ್ಡ, ಅಗಲ ಉರಿ ಬೇಕೇಬೇಕು, ಹಂಚು ಅಂಚಿನವರೆಗೂ ಕಾಯಬೇಕಲ್ಲ. ಹಾಲು ಕಾಯಿಸುವ, ಕಾಫಿ ಡಿಕಾಕ್ಷನ್‌ಗೆ ನೀರಿಡುವ ಮನೆಗೆ ಚಿಕ್ಕ ಬರ್ನರ್ ಮುಖ್ಯ. ಅದನ್ನು ಸಿಮ್‌ನಲ್ಲಿಟ್ಟಾಗ ಉರಿ ಆರದೆ ನಿಲ್ಲುತ್ತದಾ ಅಂತ ನೋಡಿ.

ಒಗ್ಗರಣೆ ಸೌಟನ್ನು ಮರೆಯಬೇಡಿ. ಪಾತ್ರೆ ನಿಲ್ಲುವ ಕಬ್ಬಿಣದ ಕಟ್ಟಿನ ಕಡ್ಡಿಗಳು ನಡುವಿಗೆ ಬಾರದೆ ದೂರದಲ್ಲೇ ನಿಂತುಬಿಟ್ಟರೆ ಸೌಟು ಒಳಗೆ ಮಗುಚುತ್ತದೆ. ಬಿಸಿ ಎಣ್ಣೆ, ಸಾಸಿವೆ, ಬೆಂಕಿ, ಮೂರೂ ಒಂದೇ ಕಡೆ. ಆ ಕಟ್ಟು ತೂಕದ ಎರಕದ ಕಬ್ಬಿಣದ್ದಾದರೆ ಒಳ್ಳೆಯದು. ಬರ್ನರ್ ಹಿತ್ತಾಳೆಯದಿರಲಿ. ಅಲ್ಯೂಮಿನಿಯಂ ಮಿಶ್ರಲೋಹದ್ದು ಅಗ್ಗ, ಆದರೆ ಉಪ್ಪುನೀರು, ಸಾರು ಉಕ್ಕಿ ಉಕ್ಕಿ ಅದರ ತೂತು ಬೇಗ ಕೆಡುತ್ತವೆ.

ರಾಗಿ ಮುದ್ದೆ ಮಾಡುವವರಿಗೆ ಇನ್ನೊಂದು ಪರೀಕ್ಷೆ. ಹಿಟ್ಟಿನ ದೊಣ್ಣೆ ಹಾಕಿ ತಿರುವುವಾಗ ಪಾತ್ರೆಯ ಮೇಲೆ ಎಷ್ಟು ಬಲ ಬೀಳುತ್ತದೆ ಅಂತ ಮುದ್ದೆ ಮಾಡಿದವರಿಗೇ ಗೊತ್ತು. ಹಾಬಿನ ಕಟ್ಟುಗಳು ಗಾಜಿನ ಮೇಲೆ ಸುಮ್ನೆ ಕೂತಿರುತ್ತವೆ, ಜಾರುತ್ತವೆ. ನಮ್ಮಮ್ಮ ಹಿಟ್ಟು ಬೆಂದ ಮೇಲೆ ಪಾತ್ರೆ ಇಳಿಸಿ, ನೆಲದ ಮೇಲೆ ಬಟ್ಟೆಯ ಸಿಂಬಿಯಲ್ಲಿಟ್ಟು, ಎರಡು ಪಾದದಲ್ಲಿ ಒತ್ತಿ ಹಿಡಿದು ತಿರುವುತ್ತಾರೆ. ಯಾವ ಹಾಬ್ ತಂದರೂ ಈ ಕ್ರಮ ಬದಲಾಗಲಿಲ್ಲ. ಬಹುಶಃ ಗಾಜು ಮೂರು ವರ್ಷ ಉಳಿದದ್ದೂ ಅದರಿಂದಲೇ.

ಸುರಕ್ಷತೆ, ಪೈಪ್ ಗ್ಯಾಸು

ಎಫ್‌ಎಫ್‌ಡಿ (ಫ್ಲೇಮ್ ಫೇಲ್ಯೂರ್ ಡಿವೈಸ್) ಅಂತ ಕೇಳಿರುತ್ತೀರಿ, ಉರಿ ಆರಿದರೆ ಗ್ಯಾಸ್ ನಿಲ್ಲಿಸುವ ಸಾಧನ. ಬರ್ನರ್ ಪಕ್ಕ ಬೆರಳಿನ ತುದಿಯಷ್ಟು ಒಂದು ಕಡ್ಡಿ ಇರುತ್ತದೆ, ಅದು ಥರ್ಮೋಕಪಲ್. ಉರಿಯಿಂದ ಬಿಸಿಯಾದಾಗ ಅದರಲ್ಲಿ ತೀರಾ ಸಣ್ಣ ಕರೆಂಟು ಹುಟ್ಟಿ ಗ್ಯಾಸಿನ ವಾಲ್ವನ್ನು ತೆರೆದು ಹಿಡಿಯುತ್ತದೆ. ಹಾಲುಕ್ಕಿಯೋ ಗಾಳಿಗೋ ಉರಿ ಆರಿದರೆ ಕಡ್ಡಿ ತಣ್ಣಗಾಗಿ ವಾಲ್ವ್ ತಾನೇ ಮುಚ್ಚುತ್ತದೆ. ಇದಕ್ಕೆ ಮನೆಯ ಕರೆಂಟು ಬೇಡ. ಹಚ್ಚುವಾಗ ನಾಬ್ ಕೆಲವು ಸೆಕೆಂಡ್ ಒತ್ತಿ ಹಿಡಿಯಬೇಕು, ಅದೊಂದೇ ಕಿರಿಕಿರಿ. ವಯಸ್ಸಾದವರು ಒಬ್ಬರೇ ಅಡುಗೆ ಮಾಡುವ ಮನೆಯಾದರೆ ಬೇರೆ ಯಾವ ಸೌಕರ್ಯ ಬಿಟ್ಟರೂ ಇದನ್ನು ಬಿಡಬೇಡಿ. ಹಾಲು ಇಟ್ಟು ಬಾಗಿಲಿಗೆ ಬಂದವರ ಜೊತೆ ಮಾತಿಗೆ ನಿಲ್ಲುವುದು ಎಲ್ಲರ ಮನೆಯಲ್ಲೂ ಇದ್ದದ್ದೇ, ಅಲ್ವಾ?

ಐಎಸ್‌ಐ ಗುರುತಿಲ್ಲದ ಒಲೆ ಬೇಡ. ಮನೆಬಳಕೆಯ ಎಲ್‌ಪಿಜಿ ಸ್ಟೌವ್‌ಗೆ ಇರುವ ಮಾನದಂಡ ಐಎಸ್ 4246. ಅದರ ಪ್ರಕಾರ ಕನಿಷ್ಠ 68 ಪರ್ಸೆಂಟ್ ಶಾಖ ಪಾತ್ರೆಗೆ ಮುಟ್ಟಬೇಕು. ರಬ್ಬರ್ ಟ್ಯೂಬನ್ನು ಐದು ವರ್ಷಕ್ಕೊಮ್ಮೆ ಬದಲಿಸಿ, ಮೇಲೆ ತಾರೀಖು ಅಚ್ಚಾಗಿರುತ್ತದೆ.

ಬೆಂಗಳೂರಿನಲ್ಲಿ ಗೇಲ್ ಗ್ಯಾಸ್ ಪೈಪ್ ಬಂದಿರುವ ಬಡಾವಣೆಗಳಲ್ಲಿ, ಮತ್ತು ಈಗ ಬೇರೆ ಊರುಗಳಲ್ಲೂ, ಸಿಲಿಂಡರ್ ಬಿಟ್ಟು ಪಿಎನ್‌ಜಿಗೆ, ಅಂದರೆ ಪೈಪಿನಲ್ಲಿ ಬರುವ ನೈಸರ್ಗಿಕ ಅನಿಲಕ್ಕೆ, ಹೋಗುವವರಿದ್ದಾರೆ. ಒಲೆ ಬದಲಿಸಬೇಕಿಲ್ಲ, ಆದರೆ ಬರ್ನರ್‌ಗೆ ಗ್ಯಾಸ್ ಬಿಡುವ ಸಣ್ಣ ತೂತಿನ ತಿರುಪು, ಅಂದರೆ ಜೆಟ್, ಬದಲಿಸಬೇಕು. ಎಲ್‌ಪಿಜಿ ಒಲೆಗೆ ಸುಮಾರು 30 ಮಿಲಿಬಾರ್ ಒತ್ತಡದಲ್ಲಿ ಬರುತ್ತದೆ, ಪಿಎನ್‌ಜಿ 21ರಲ್ಲಿ. ಪಿಎನ್‌ಜಿಯಲ್ಲಿ ಅಷ್ಟೇ ಜಾಗದಲ್ಲಿ ಶಾಖವೂ ಕಡಿಮೆ. ಹಾಗಾಗಿ ತೂತು ದೊಡ್ಡದು ಬೇಕು. ಪಿಎನ್‌ಜಿ ಜೆಟ್ ಇರುವ ಒಲೆಗೆ ಸಿಲಿಂಡರ್ ಹಾಕಿದರೆ ಹಳದಿ ಉರಿ ಎದ್ದು ಪಾತ್ರೆಯೆಲ್ಲ ಮಸಿ. ಇದು ಮನೆಯಲ್ಲಿ ಮಾಡುವ ಕೆಲಸವಲ್ಲ, ಗ್ಯಾಸ್ ಕಂಪನಿಯವರನ್ನೇ ಕರೆಸಿ. ಕೊಳ್ಳುವಾಗ ಎರಡೂ ಜೆಟ್ ಸಿಗುವ ಮಾಡೆಲ್ ಕೇಳಿ.

ಹಾಬಿನ ಕೆಳಗಿನ ಕಪಾಟಿನಲ್ಲೇ ಸಿಲಿಂಡರ್ ಇಡುವವರು ಬಾಗಿಲಿಗೆ ತೂತು ಕೊರೆಸಿ, ಅದೂ ತಳದಲ್ಲಿ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ಕೂರುತ್ತದೆ.

ಇಂಡಕ್ಷನ್: ವೇಗಕ್ಕೆ ಮಾರುಹೋಗುವ ಮೊದಲು

ಇಂಡಕ್ಷನ್‌ನಲ್ಲಿ ಬೆಂಕಿ ಇಲ್ಲ. ಗಾಜಿನ ಕೆಳಗೆ ತಾಮ್ರದ ಸುರುಳಿ. ಅದರಲ್ಲಿ ವೇಗವಾಗಿ ದಿಕ್ಕು ಬದಲಿಸುವ ಕರೆಂಟು ಹರಿದು, ಪಾತ್ರೆಯ ತಳವೇ ತಾನಾಗಿ ಬಿಸಿಯಾಗುತ್ತದೆ. ಶಾಖ ಪಕ್ಕಕ್ಕೆ ಸೋರಿಹೋಗುವುದು ಕಡಿಮೆ, ಸುಮಾರು 85 ಪರ್ಸೆಂಟ್ ಪಾತ್ರೆಗೆ ಸೇರುತ್ತದೆ. 2000 ವ್ಯಾಟ್‌ನದರಲ್ಲಿ ಒಂದು ಲೀಟರ್ ನೀರು ಮೂರು ಮೂರೂವರೆ ನಿಮಿಷಕ್ಕೆ ಕುದಿಯುತ್ತದೆ. ಗ್ಯಾಸಿನ ನಡುವಿನ ಬರ್ನರ್‌ನಲ್ಲಿ ಐದು ನಿಮಿಷ ಹಿಡಿಯುತ್ತದೆ. ಬೇಸಗೆಯಲ್ಲಿ ಅಡುಗೆಮನೆ ಕುದಿಯುವುದಿಲ್ಲ, ಫ್ಯಾನ್ ಹಾಕಿಕೊಂಡೇ ಅಡುಗೆ ಮಾಡಬಹುದು. ಗ್ಯಾಸಿನ ಹೊಗೆಯೂ ಮನೆಯೊಳಗೆ ಸೇರುವುದಿಲ್ಲ. ಇಷ್ಟೂ ನಿಜ.

ಈಗ ಒಂದು ಫ್ರಿಜ್ ಮ್ಯಾಗ್ನೆಟ್ ತೆಗೆದುಕೊಂಡು ನಿಮ್ಮ ಪಾತ್ರೆಗಳ ತಳಕ್ಕೆ ಅಂಟಿಸುತ್ತಾ ಬನ್ನಿ. ನಾವು ಹಾಗೆ ಮಾಡಿದಾಗ 14 ಪಾತ್ರೆಗಳಲ್ಲಿ ಅಂಟಿದ್ದು ಐದಕ್ಕೆ. ಮುದ್ದೆಯ ಅಲ್ಯೂಮಿನಿಯಂ ಪಾತ್ರೆ ಇಲ್ಲ, ತಾಮ್ರದ ತಳದ ಪಾತ್ರೆ ಇಲ್ಲ, ಕಂಚು ಹಿತ್ತಾಳೆ ಇಲ್ಲ. ಮೀನುಸಾರಿನ ಮಣ್ಣಿನ ಮಡಕೆಯನ್ನು ಕೇಳುವುದೇ ಬೇಡ. ಹಳೇ ಕುಕ್ಕರೂ ಇಲ್ಲ. ಇಂಡಕ್ಷನ್‌ನ ಬೆಲೆಗೆ ಹೊಸ ಪಾತ್ರೆಯ ಬೆಲೆ ಸೇರಿಸಿ ಲೆಕ್ಕ ಹಾಕಿ. ಒಗ್ಗರಣೆ ಸೌಟಿನಷ್ಟು ಚಿಕ್ಕ ತಳವನ್ನು ಬಹಳಷ್ಟು ಇಂಡಕ್ಷನ್‌ಗಳು ಪಾತ್ರೆ ಅಂತಲೇ ಒಪ್ಪುವುದಿಲ್ಲ, ಪೀಂ ಪೀಂ ಅನ್ನುತ್ತವೆ.

ಕಬ್ಬಿಣದ ದೋಸೆ ಕಾವಲಿಗೆ ಮ್ಯಾಗ್ನೆಟ್ ಗಟ್ಟಿಯಾಗಿ ಅಂಟುತ್ತದೆ. ಸಮಸ್ಯೆ ಬೇರೆ. ಸಾಮಾನ್ಯ ಇಂಡಕ್ಷನ್‌ನ ಸುರುಳಿ 18-20 ಸೆಂ.ಮೀ. ಅಗಲ, ಕಾವಲಿ 30. ನಡುವೆ ಕರಕಲು, ಅಂಚಿನಲ್ಲಿ ಬಿಳಿ. ಎರಡು ದಿನ ನೋಡಿ ನಾವು ದೋಸೆಯನ್ನು ಗ್ಯಾಸಿಗೇ ವಾಪಸ್ ಕಳಿಸಿದೆವು. ಫುಲ್ಕ ಉಬ್ಬಿಸುವುದು, ಹಪ್ಪಳ ಸುಡುವುದು, ಗೊಜ್ಜಿಗೆ ಬದನೆಕಾಯಿ ಸುಡುವುದು, ಇವಕ್ಕೆಲ್ಲ ಉರಿಯೇ ಬೇಕು.

ಹಾಲಿಗೆ, ಅನ್ನಕ್ಕೆ, ಕುಕ್ಕರಿಗೆ, ಇಡ್ಲಿಗೆ, ಸ್ನಾನದ ನೀರಿಗೆ ಇಂಡಕ್ಷನ್‌ನಷ್ಟು ಒಳ್ಳೆಯದು ಇನ್ನೊಂದಿಲ್ಲ. ಟೈಮರ್ ಇಟ್ಟು ಬೇರೆ ಕೆಲಸಕ್ಕೆ ಹೋಗಬಹುದು.

ಕರೆಂಟಿನ ವಿಷಯ. 2000 ವ್ಯಾಟ್ ಅಂದರೆ ಹತ್ತಿರ ಹತ್ತಿರ 9 ಆಂಪಿಯರ್. ಮಿಕ್ಸಿಯ ಸಣ್ಣ ಪ್ಲಗ್ಗಿಗೆ ಹಾಕಬೇಡಿ, ಅದರ ಶಕ್ತಿ 6 ಆಂಪಿಯರ್. ದಪ್ಪ ಕಾಲಿನ 16 ಆಂಪಿಯರ್ ಪಾಯಿಂಟ್ ಬೇಕು, ಅದಕ್ಕೆ ಸರಿಯಾದ ವೈರೂ ಬೇಕು. ಕಟ್ಟೆಯೊಳಗೆ ಕೂರುವ ನಾಲ್ಕು ಜಾಗದ ಇಂಡಕ್ಷನ್ ಹಾಬ್ 7 ಕಿಲೋವ್ಯಾಟ್‌ವರೆಗೂ ಎಳೆಯುತ್ತದೆ. ನಿಮ್ಮ ಕರೆಂಟ್ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟಿದೆ ನೋಡಿ. ಹಳೇ ಮನೆಗಳಲ್ಲಿ 2-3 ಕಿಲೋವ್ಯಾಟ್ ಇರುವುದೇ ಜಾಸ್ತಿ. ಯುಪಿಎಸ್ ಇದನ್ನು ಹೊರುವುದಿಲ್ಲ. ತೀರ್ಥಹಳ್ಳಿ, ಸಿರ್ಸಿ ಕಡೆ ಮಳೆಗಾಲದಲ್ಲಿ ಮರ ಬಿದ್ದು ದಿನಗಟ್ಟಲೆ ಕರೆಂಟಿಲ್ಲದ ಊರುಗಳಿಗೆ ಇಂಡಕ್ಷನ್ ಎರಡನೇ ಒಲೆ ಆಗಬಹುದು, ಮೊದಲನೆಯದಲ್ಲ.

ಇನ್ನೊಂದು, ಯಾವ ಜಾಹೀರಾತಿನಲ್ಲೂ ಇಲ್ಲದ್ದು: ಜಿರಳೆಗೆ ಇಂಡಕ್ಷನ್ ಒಳಗಿನ ಬೆಚ್ಚನೆ ಜಾಗ ಬಹಳ ಇಷ್ಟ. ಫ್ಯಾನಿನ ತೂತಿನಿಂದ ಒಳಗೆ ಹೋಗಿ ಬೋರ್ಡ್ ಸುಟ್ಟುಹಾಕುತ್ತವೆ. ರಿಪೇರಿಯವನು ಬಿಚ್ಚಿದಾಗ ನಮ್ಮದರಲ್ಲಿ ಒಂದು ಸಂಸಾರವೇ ಇತ್ತು.

ಇನ್‌ಫ್ರಾರೆಡ್ ಒಲೆಯ ಬಗ್ಗೆ ಎರಡೇ ಮಾತು. ಗಾಜಿನ ಕೆಳಗೆ ಕೆಂಪಗೆ ಕಾಯುವ ತಂತಿ, ಯಾವ ಪಾತ್ರೆಯಾದರೂ ನಡೆಯುತ್ತದೆ, ಆದರೆ ನಿಧಾನ. ಆರಿಸಿದ ಮೇಲೂ ಗಾಜು ಬಹಳ ಹೊತ್ತು ಸುಡುತ್ತಿರುತ್ತದೆ, ಚಿಕ್ಕ ಮಕ್ಕಳಿರುವ ಮನೆಗೆ ನಾನು ಬೇಡ ಅನ್ನುತ್ತೇನೆ.

ಖರ್ಚು ಯಾವುದಕ್ಕೆ ಕಡಿಮೆ?

14.2 ಕಿಲೋ ಸಿಲಿಂಡರಿನಲ್ಲಿ ಇರುವ ಶಾಖ ಸುಮಾರು 180 ಯೂನಿಟ್. ಪಾತ್ರೆಗೆ ಮುಟ್ಟುವುದು 110ರಿಂದ 120. ಅಷ್ಟೇ ಕೆಲಸಕ್ಕೆ ಇಂಡಕ್ಷನ್ 130ರಿಂದ 140 ಯೂನಿಟ್ ತಿನ್ನುತ್ತದೆ. 2025ರ ಏಪ್ರಿಲ್‌ನಲ್ಲಿ 50 ರೂಪಾಯಿ ಏರಿದಾಗ ಬೆಂಗಳೂರಿನಲ್ಲಿ ಸಿಲಿಂಡರಿಗೆ 855.50 ಆಗಿತ್ತು. ಕರೆಂಟಿಗೆ ತೆರಿಗೆ ಎಲ್ಲ ಸೇರಿ ಯೂನಿಟ್ಟಿಗೆ ಆರೂವರೆ ಅಂತ ಹಿಡಿದರೆ 850-900. ಅಂದರೆ ಆಗ ಎರಡೂ ಸರಿಸಮ. ದರ ಬದಲಾದಾಗ ನೀವೇ ಲೆಕ್ಕ ಹಾಕಿಕೊಳ್ಳಿ: ನಿಮ್ಮ ಒಂದು ಯೂನಿಟ್ಟಿನ ದರವನ್ನು 135ರಿಂದ ಗುಣಿಸಿ, ಸಿಲಿಂಡರ್ ಬೆಲೆಯ ಪಕ್ಕ ಇಟ್ಟು ನೋಡಿ.

ಗೃಹಜ್ಯೋತಿ ಇರುವವರು ಸ್ವಲ್ಪ ಹುಷಾರು. 200 ಯೂನಿಟ್ ಫ್ರೀ ಅಂತ ಇಡೀ ಅಡುಗೆ ಇಂಡಕ್ಷನ್‌ಗೆ ಹಾಕಿದರೆ ಕೆಲಸ ಕೆಡುತ್ತದೆ. ಫ್ರೀ ಸಿಗುವುದು ನಿಮ್ಮ ಹಳೇ ಸರಾಸರಿ ಬಳಕೆಯ ಲೆಕ್ಕದಲ್ಲಿ. ಅದನ್ನು ಮೀರಿದ್ದಕ್ಕೆ ದುಡ್ಡು ಕಟ್ಟಬೇಕು. ತಿಂಗಳಿಗೆ 200 ದಾಟಿದರಂತೂ ಪೂರ್ತಿ ಬಿಲ್ ನಿಮ್ಮದೇ. ಈಗ 100 ಯೂನಿಟ್ ಆಗುತ್ತಿರುವ ಮನೆ ತಿಂಗಳಿಗೊಂದು ಸಿಲಿಂಡರಿನ ಬದಲಿಗೆ ಇನ್ನೂ 135 ಸೇರಿಸಿಕೊಂಡರೆ ಏನಾಗುತ್ತದೆ ಅಂತ ನೀವೇ ಕೂಡಿಸಿ.

ನಾನಾದರೆ ಏನು ತರುತ್ತೇನೆ

ಬಾಡಿಗೆ ಮನೆ, ಇಬ್ಬರೇ: ಎರಡು ಬರ್ನರ್ ಸ್ಟೀಲ್ ಸ್ಟೌವ್, ಜೊತೆಗೆ ಒಂದು ಒಂಟಿ ಇಂಡಕ್ಷನ್. ಇದಕ್ಕಿಂತ ಜಾಸ್ತಿ ಖರ್ಚು ದಂಡ.

ಸ್ವಂತ ಮನೆ, ಕಟ್ಟೆ ಮಾಡಿಯಾಗಿದೆ: ಮೂರು ಬರ್ನರ್ ಹಾಬ್‌ಟಾಪ್, ಎಫ್‌ಎಫ್‌ಡಿ ಇರುವುದು. ಕಾಲಿನ ಮೇಲೆ ನಿಲ್ಲಿಸಿ ಆರು ತಿಂಗಳು ಬಳಸಿ. ಒಗ್ಗಿದರೆ ಆಮೇಲೆ ಗ್ರಾನೈಟ್ ಕತ್ತರಿಸಿ.

ಹೊಸದಾಗಿ ಅಡುಗೆಮನೆ ಮಾಡಿಸುತ್ತಿದ್ದೀರಿ, ಎತ್ತರ ಮುಖ್ಯ, ಊರಿನಲ್ಲೇ ಸರ್ವಿಸ್ ಸೆಂಟರ್ ಇದೆ: ಆಗ ಮಾತ್ರ ಬಿಲ್ಟ್-ಇನ್. ಹಾಬ್ ಮನೆಗೆ ಬಂದ ಮೇಲೆ ಗ್ರಾನೈಟ್ ಕತ್ತರಿಸಿ, ಕ್ಯಾಟಲಾಗ್ ನೋಡಿ ಅಲ್ಲ. ಪಕ್ಕದಲ್ಲಿ ಒಂದು 16 ಆಂಪಿಯರ್ ಪಾಯಿಂಟ್ ಈಗಲೇ ಬಿಡಿಸಿ.

ಪೂರ್ತಿ ಇಂಡಕ್ಷನ್ ಹಾಬ್ ಯಾರಿಗೆ? ಅಪಾರ್ಟ್‌ಮೆಂಟಿನಲ್ಲಿ ಜನರೇಟರ್ ಅಡುಗೆಮನೆಯ ಪವರ್ ಪಾಯಿಂಟಿಗೂ ಬರುತ್ತದೆ, ರೊಟ್ಟಿ ದೋಸೆ ಅಪರೂಪ, ಪಾತ್ರೆ ಎಲ್ಲ ಹೊಸದು ತರಲು ತಯಾರು ಅನ್ನುವವರಿಗೆ. ಅಂಥವರು ಕಡಿಮೆ, ಆದರೆ ಅವರಿಗೆ ಅದು ನಿಜಕ್ಕೂ ಸುಖ.

ನಮ್ಮಲ್ಲಿ ಈಗ ಹಳೇ ತೂತನ್ನು ದೊಡ್ಡದು ಮಾಡಿಸಿ 78 ಸೆಂ.ಮೀ.ನ ಮೂರು ಬರ್ನರ್ ಸ್ಟೀಲ್ ಹಾಬ್ ಕೂರಿಸಿದ್ದೇವೆ. ನಡುವಿನಿಂದ ನಡುವಿಗೆ 31 ಸೆಂ.ಮೀ. ಕಲ್ಲು ಕತ್ತರಿಸುವಾಗ ಒಂದು ಮೂಲೆ ಚೂರು ಮುಕ್ಕಾಯಿತು, ಅದರ ಮೇಲೆ ಉಪ್ಪಿನ ಭರಣಿ ಇಟ್ಟಿದ್ದೇವೆ. ಭಾನುವಾರ ಕಾವಲಿ ಎಡಕ್ಕೆ, ಕುಕ್ಕರ್ ಬಲಕ್ಕೆ. ಮಧ್ಯದ ಚಿಕ್ಕ ಬರ್ನರ್ ಸ್ವಲ್ಪ ಹಿಂದಕ್ಕಿದೆ, ಅಲ್ಲಿ ಒಗ್ಗರಣೆ ಸೌಟು. ಅಮ್ಮ ಮಾತ್ರ ಮುದ್ದೆಯ ಪಾತ್ರೆಯನ್ನು ಈಗಲೂ ನೆಲಕ್ಕೇ ಇಳಿಸುತ್ತಾರೆ.